ಮಣ್ಣಿಗೆ ಎಣ್ಣೆಯ ಸ್ನೇಹ ಕಲಿಸಿದ ಕಥೆ

ಧಾರವಾಡ, ವಿಜಯಪುರ ಸೀಮೆಯ ಎರೆಹೊಲ ಕಂಡವರಿಗೆ ಅದರ ಗುಣ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುವ ಅದೇ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಇದಕ್ಕೆ ಮುಖ್ಯ ಕಾರಣ ಮಾಂಟ್‌ಮೊರಿಲೊನೈಟ್ ಬಳಗದ ಜೇಡಿ ಖನಿಜಗಳು. ಫ್ರಾನ್ಸಿನ ಮಾಂಟ್‌ಮೊರಿಲಾನ್ ಊರಿನಿಂದ 1847ರಲ್ಲಿ ಹೆಸರು ಪಡೆದ ಈ ಖನಿಜ, ಜಪಾನಿನ ಕಾರಿನ ಪ್ಲಾಸ್ಟಿಕ್ಕಿನೊಳಗೆ ಸೇರಿಕೊಂಡದ್ದು ಒಂದು ಸ್ವಾರಸ್ಯದ ಕಥೆ.

ಈ ಖನಿಜದ ಕಣವೆಂದರೆ ಹಾಳೆಗಳ ಕಟ್ಟು. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಹಾಳೆಗಳಲ್ಲಿ ಋಣ ವಿದ್ಯುದಂಶವಿದೆ. ಅದನ್ನು ಸರಿದೂಗಿಸಲು ಸೋಡಿಯಂನಂಥ ಧನ ಅಯಾನುಗಳು ನಡುವೆ ಕುಳಿತಿರುತ್ತವೆ. ಅವುಗಳ ಬೆನ್ನು ಹಿಡಿದು ನೀರು ಒಳನುಗ್ಗುತ್ತದೆ. ನೀರಿಗೆ ಇಷ್ಟು ಸಲೀಸಾಗಿ ಬಾಗಿಲು ತೆರೆಯುವ ಜೇಡಿ ಎಣ್ಣೆಯನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ಹತ್ತಿರ ಸೇರಿಸದು. ಬಲವಂತದಿಂದ ಬೆರೆಸಿದರೆ ಗಂಟುಗಂಟಾಗಿ ಉಳಿಯುತ್ತದೆ.

ಇಲ್ಲಿ ಮಧ್ಯಸ್ಥಿಕೆಗೆ ಬಂದದ್ದು ಸೋಪಿನ ದಾಯಾದಿ. ಸೋಪಿನ ಅಣುವಿಗೆ ನೀರನ್ನು ಮೆಚ್ಚುವ ತಲೆ, ಎಣ್ಣೆಯನ್ನು ಮೆಚ್ಚುವ ಉದ್ದನೆಯ ಬಾಲ. ಅಮೋನಿಯಂ ತಲೆಯ ಸರ್ಫ್ಯಾಕ್ಟೆಂಟ್ ಕೂಡ ಹಾಗೆಯೇ, ಆದರೆ ಅದರ ತಲೆಯಲ್ಲಿರುವುದು ಧನ ವಿದ್ಯುದಂಶ. ಆದ್ದರಿಂದ ಅದು ಸೋಡಿಯಂನ್ನು ಹೊರದೂಡಿ ಹಾಳೆಗೆ ತಲೆಯೊಡ್ಡಿ ಅಂಟಿಕೊಳ್ಳುತ್ತದೆ. ಬಾಲ ಹಾಳೆಗಳ ನಡುವಿನ ಜಾಗವನ್ನು ತುಂಬುತ್ತದೆ. ಇಂಥ ವಿನಿಮಯವನ್ನು ಸಿ. ಆರ್. ಸ್ಮಿತ್ 1934ರಲ್ಲೇ ವರದಿ ಮಾಡಿದ್ದರು. ಜಾನ್ ಜೋರ್ಡನ್ 1949ರಲ್ಲಿ ನೀರಿನ ಬದಲು ಸಾವಯವ ದ್ರವಗಳಲ್ಲಿ ಉಬ್ಬುವ ಜೇಡಿಯನ್ನು ವಿವರಿಸಿದರು. ಬಣ್ಣ, ಗ್ರೀಸುಗಳನ್ನು ಗಟ್ಟಿ ಮಾಡಲು ಅದು ಒದಗಿತು. ಹಲವು ವರ್ಷ ಅದರ ದೊಡ್ಡ ಕಸುಬು ಅದೇ.

ಬಾಲಗಳ ವರ್ತನೆಯಲ್ಲೇ ಇರುವುದು ಗುಟ್ಟು. ಅವು ಗಿಡ್ಡವಾಗಿ, ವಿರಳವಾಗಿದ್ದರೆ ಚಾಪೆ ಹಾಸಿದಂತೆ ಮಲಗುತ್ತವೆ. ಹಾಳೆಗಳ ಅಂತರ ಹೆಚ್ಚು ಬೆಳೆಯದು. ಉದ್ದವಾಗಿ, ಒತ್ತಾಗಿದ್ದರೆ ಎರಡು ಪದರವಾಗುತ್ತವೆ, ಕೊನೆಗೆ ಓರೆಯಾಗಿ ಎದ್ದು ನಿಲ್ಲುತ್ತವೆ. ಎಕ್ಸ್-ರೇ ಹಾಯಿಸಿ ಈ ಅಂತರವನ್ನು ಅಳೆಯಬಹುದು. ಬಾಲಗಳು ಸೈನಿಕರಂತೆ ಸಾಲಾಗಿ ನಿಂತಿರುತ್ತವೆ ಎಂದು ಭಾವಿಸಬೇಕಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 1994ರಲ್ಲಿ ತೋರಿಸಿದಂತೆ, ಅವು ಅನೇಕ ವೇಳೆ ದ್ರವದಂತೆ ಅಸ್ತವ್ಯಸ್ತವಾಗಿಯೇ ಇರುತ್ತವೆ.

ನೈಲಾನಿಗೆ ಜೇಡಿ ಬೆರೆಸುವ ವಿಚಾರ ಜಪಾನಿನ ಯೂನಿಟಿಕಾ ಕಂಪನಿಗೆ 1970ರ ದಶಕದಲ್ಲೇ ಹೊಳೆದಿತ್ತು. ಫಲ ತೋರಿಸಿದ್ದು 1980ರ ದಶಕದಲ್ಲಿ ಟೊಯೋಟಾದ ಸಂಶೋಧನಾಲಯ. ಉಸುಕಿ, ಕೊಜಿಮಾ, ಒಕಾಡ ಮೊದಲಾದವರು ಬೇರೆ ಬೇರೆ ಉದ್ದದ ಅಮೈನೊ ಆಮ್ಲಗಳನ್ನು ಪರೀಕ್ಷಿಸಿ 12 ಇಂಗಾಲಗಳ ಒಂದನ್ನು ಆರಿಸಿದರು. ಅದರ ಒಂದು ತುದಿ ಜೇಡಿಗೆ ಅಂಟಿತು. ಇನ್ನೊಂದು ತುದಿಯಿಂದ ನೈಲಾನ್ ಸರಪಳಿ ಬೆಳೆಯಿತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಜಾಣತನ ಇಲ್ಲಿದೆ: ಮಧ್ಯಸ್ಥನೇ ಮನೆಯವನಾಗಿಬಿಟ್ಟ! ಬೆಳೆಯುತ್ತಿದ್ದ ಸರಪಳಿಗಳು ಹಾಳೆಗಳನ್ನು ಬಿಡಿಬಿಡಿಯಾಗಿ ಸರಿಸಿದವು. ಶೇಕಡಾ ಐದಕ್ಕೂ ಕಡಿಮೆ ಜೇಡಿ ಸೇರಿದ ನೈಲಾನ್, ಮೊದಲು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಭಾರಕ್ಕೆ ಬಾಗುತ್ತಿದ್ದದ್ದು, ಸುಮಾರು 150 ಡಿಗ್ರಿವರೆಗೆ ತಡೆದುಕೊಂಡಿತು. ಬಿಸಿ ಎಂಜಿನ್ನಿನ ಪಕ್ಕದಲ್ಲಿರಬೇಕಾದ ಟೈಮಿಂಗ್ ಬೆಲ್ಟಿನ ಮುಚ್ಚಳಕ್ಕೆ ಟೊಯೋಟಾ ಅದನ್ನು ಬಳಸಿತು.

ಎಲ್ಲೆಡೆ ಉತ್ಸಾಹ ಹಬ್ಬಿತು. ಅಮೆರಿಕದ ಜನರಲ್ ಮೋಟರ್ಸ್ 2002ರ ಮಾದರಿಯ ವ್ಯಾನುಗಳಿಗೆ ಜೇಡಿ ಬೆರೆಸಿದ ಪ್ಲಾಸ್ಟಿಕ್ಕಿನ ಪಾವಟಿಗೆ ಹಾಕಿತು. ಆದರೆ ನೈಲಾನಿಗೆ ಒಪ್ಪಿದ್ದು ಎಲ್ಲ ಪ್ಲಾಸ್ಟಿಕ್ಕಿಗೂ ಒಪ್ಪಲಿಲ್ಲ. ಜಿಡ್ಡಿನ ಸ್ವಭಾವದ ಪಾಲಿಪ್ರೊಪಿಲೀನಿಗೆ ಬಾಲದ ಸ್ನೇಹ ಸಾಲದೆ ಮತ್ತೊಬ್ಬ ಮಧ್ಯಸ್ಥ ಬೇಕಾಯಿತು. ಇನ್ನೊಂದು ತೊಡಕೂ ಉಂಟು. ಪ್ರಾಣಿಕೊಬ್ಬಿನಿಂದ ತೆಗೆದ ಬಾಲಗಳಿರುವ ಮಾಮೂಲಿ ಅಮೋನಿಯಂ ಲವಣಗಳು 200 ಡಿಗ್ರಿ ಆಸುಪಾಸಿನಲ್ಲೇ ಮುರಿಯತೊಡಗುತ್ತವೆ. ಅನೇಕ ಪ್ಲಾಸ್ಟಿಕ್ಕುಗಳನ್ನು ಕರಗಿಸಿ ಎರೆಯಲು ಅದಕ್ಕಿಂತ ಹೆಚ್ಚು ಕಾವು ಬೇಕು. ಬಾಲ ತುಂಡಾದರೆ ಜೇಡಿ ಮತ್ತೆ ಹಳೆಯ ಜೇಡಿಯೇ. ಕಾವು ತಾಳಬಲ್ಲ ಫಾಸ್ಫೋನಿಯಂ, ಇಮಿಡಜೋಲಿಯಂ ತಲೆಗಳತ್ತ ಸಂಶೋಧಕರು ಹೊರಳಿದ್ದು ಇದೇ ಕಾರಣಕ್ಕೆ.