ಪೇಟಿಯ ಗಾಂಧಾರ

ನಂದಗಡವೆಂದೊಡನೆ ನಮಗೆ ನೆನಪಾಗುವುದು 1831ರ ಗಲ್ಲುಗಂಬ, ಸಂಗೊಳ್ಳಿ ರಾಯಣ್ಣ. ಅಂಥ ವೀರರ ಲಾವಣಿ ಹಾಡುವವರಿಗೆ ತುಂತುಣಿಯ ಒಂದೇ ತಂತಿ ಸಾಕಾಗಿತ್ತು. ಹಾರ್ಮೋನಿಯಂ ಆಗಿನ್ನೂ ಹುಟ್ಟಿರಲಿಲ್ಲ; ಪ್ಯಾರಿಸಿನ ದೆಬೇನನು ಅದಕ್ಕೆ ಹಕ್ಕುಪತ್ರ ಪಡೆದದ್ದು 1842ರಲ್ಲಿ. ಮುಂದೆ ಕಲಕತ್ತೆಯಲ್ಲಿ ಕಾಲ್ತಿದಿ ಹೋಗಿ ಕೈತಿದಿ ಬಂದಿತು. ನೆಲದ ಮೇಲೆ ಕುಳಿತು ನುಡಿಸುವ ‘ಪೇಟಿ’ಯಾಗಿ ಅದು ಬೆಳಗಾವಿ ಸೀಮೆಯ ನಾಟಕ, ಭಜನೆ, ಬೈಠಕ್ಕುಗಳನ್ನೆಲ್ಲ ಹೊಕ್ಕಿತು.

ಪಂಡಿತರಲ್ಲಿ ಅನೇಕರಿಗೆ ಮಾತ್ರ ಅದು ಹಿಡಿಸಲಿಲ್ಲ. ಅವರ ಆಕ್ಷೇಪವೇನೆಂಬುದನ್ನು ಗಾಂಧಾರವೊಂದರಿಂದಲೇ ತಿಳಿಯಬಹುದು. ಷಡ್ಜದ ತಂತಿಯನ್ನು ಐದು ಪಾಲು ಮಾಡಿ ನಾಲ್ಕು ಪಾಲನ್ನು ಮಿಡಿದರೆ ಶುದ್ಧ ಗಾಂಧಾರ ದೊರೆಯುತ್ತದೆ. ಪೇಟಿಯಲ್ಲಾದರೋ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಒಂದು ಮನೆಯಿಂದ ಮುಂದಿನ ಮನೆಗೆ ನೂರು ಹೆಜ್ಜೆಯೆಂದು ಎಣಿಸಿದರೆ, ಅಲ್ಲಿನ ಗಾಂಧಾರ ಸುಮಾರು 14 ಹೆಜ್ಜೆ ಮೇಲೇರಿಯೇ ನಿಲ್ಲುತ್ತದೆ. ಅದರ ಮೇಲೆ ಮೀಂಡಿನ ಕೊರತೆ ಬೇರೆ. ಸ್ವರದಿಂದ ಸ್ವರಕ್ಕೆ ಜಾರುವಂತಿಲ್ಲ, ಜಿಗಿಯಬೇಕು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿಯೊಡನೆ ಕೂಡಿ 22 ಶ್ರುತಿಗಳ ಪೇಟಿಯನ್ನೇ ಮಾಡಿಸಿ ನೋಡಿದರು. ಅಷ್ಟೊಂದು ಶ್ರುತಿಗಳಲ್ಲಿ ಬೆರಳಾಡಿಸುವ ಸಾಹಸ ಎಲ್ಲರದೂ ಅಲ್ಲ. ಅದು ರೂಢಿಗೆ ಬರಲಿಲ್ಲ. ಕೊನೆಗೆ 1940ರಲ್ಲಿ ಆಕಾಶವಾಣಿಯು ಪೇಟಿಯನ್ನು ಹೊರಗಿಟ್ಟಿತು.

ಅದಕ್ಕೆ ಎರಡೇ ವರ್ಷ ಮೊದಲು, 1938ರಲ್ಲಿ, ಕಾಗವಾಡದ ತರುಣ ರಾಮಭಾವು ಬಿಜಾಪುರೆಯವರು ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯವನ್ನು ತೆರೆದಿದ್ದರು. ಹುಟ್ಟಿದ್ದು 1917ರಲ್ಲಿ, ಇಪ್ಪತ್ತೊಂದರ ಪ್ರಾಯ. 1950ರಲ್ಲಿ ಧಾರವಾಡಕ್ಕೆ ಬಾನುಲಿ ನಿಲಯ ಬಂದರೂ ಪೇಟಿಗೆ ಅಲ್ಲಿ ಬಾಗಿಲಿರಲಿಲ್ಲ. ನಿನ್ನೆ ಬೈಠಕ್ಕಿನಲ್ಲಿ ಗವಾಯಿಯ ಮಗ್ಗುಲಿಗೆ ಕುಳಿತವನು, ಇಂದು ಅದೇ ಗವಾಯಿಯ ಹಾಡನ್ನು ಮನೆಯ ರೇಡಿಯೋದಲ್ಲಿ ಕೇಳಬೇಕು! ಆದರೂ ಶಾಲೆ ನಡೆಯಿತು, ಮಕ್ಕಳು ಬಂದರು.

ಬಿಜಾಪುರೆಯವರು ರಾಮಕೃಷ್ಣಬುವಾ ವಝೆಯವರಲ್ಲಿ ಗಾಯನವನ್ನೂ ಕಲಿತವರು. ಇದು ಸಣ್ಣ ಮಾತಲ್ಲ. ಹೊಸಬನು ಎಡಗೈಯಿಂದ ತಿದಿಯೊತ್ತುತ್ತ, ಬಲಗೈಯಿಂದ ‘ಸಾರೇಗ, ರೇಗಮ, ಗಮಪ’ ಎಂದು ಪಲ್ಟಾ ತಿರುವತೊಡಗಿದರೆ ಬೆರಳಿಟ್ಟಲ್ಲಿ ಸ್ವರ ಸಿದ್ಧವಾಗಿರುತ್ತದೆ. ಮನೆಮನೆಗೂ ಸಂಗೀತವನ್ನು ಮುಟ್ಟಿಸಿದ ಸೌಲಭ್ಯವಿದು; ಕಿವಿಯನ್ನು ನಿದ್ದೆಗೆ ಕೆಡಹುವ ಅಪಾಯವೂ ಇದೇ. ತಂಬೂರಿಯೆದುರು ಗಾಂಧಾರವನ್ನು ಕಂಠದಲ್ಲಿ ಹುಡುಕಿದವನಿಗೆ ಮಾತ್ರ ಪೇಟಿಯ ಗಾಂಧಾರ ಎಲ್ಲಿ ತಪ್ಪುತ್ತದೆಂಬುದು ಗೊತ್ತು. ಅಲ್ಲಿ ಬೆರಳನ್ನು ಹಗುರಾಗಿಸಿ, ಗಾಯಕನ ದನಿಯನ್ನು ಮುಂದೆ ಬಿಟ್ಟು, ತಾನು ಹಿಂದೆ ಸರಿಯಲು ಅವನೇ ಬಲ್ಲ. ಭೀಮಸೇನ ಜೋಶಿ, ಕುಮಾರ ಗಂಧರ್ವರಂಥವರು ಬಿಜಾಪುರೆಯವರ ಸಾಥಿಯನ್ನು ಒಪ್ಪಿದ್ದರಲ್ಲಿ ಈ ಗುಟ್ಟೂ ಇದ್ದೀತು.

ಬಾನುಲಿಯ ಬಿಗಿ 1971ರಲ್ಲಿ ಸಡಿಲಿತು. ಬಿಜಾಪುರೆಯವರಿಗೆ ಆಗ ವಯಸ್ಸು 54. ಅವರ ಶಾಲೆಗೆ 33.