ಮೋಡದ ಬೆಳಕಿನಾಗ ಹಿಮ ಹಿಡಿದ ರೈತ

ನಾನು ಏಳನೇ ಇಯತ್ತೆ ಕಲಿತ ರೈತ, ಡೊಳ್ಳಿನ ಪದ ಹಾಡುವವ. ಇತಿಹಾಸ ಬರಿ ಅಂದ್ರ ಎಲ್ಲರೂ ರಾಜರ ಮಾತು ಬರೀತಾರ. ನಾನು ಒಬ್ಬ ರೈತನ ಮಾತು ಬರೀತೀನಿ. ಅವ ನಮ್ಮ ಸೀಮೆಯವನಲ್ಲ, ಅಮೇರಿಕಾದವ.

ನಮ್ಮ ಜತ್ತ ಕಡೆ ಚಳಿಗಾಲದಾಗ ಮೋಡ ಆತಂದ್ರ ಎದಿ ಧಸಕ್ ಅಂತದ. ಕಡ್ಲಿಗೆ ಕೀಡಿ, ದ್ರಾಕ್ಷಿ ಪಡಕ್ಕ ದಾವಣಿ ರೋಗ. ಎರಡು ದಿನ ಬಿಸಿಲು ಬೀಳದಿದ್ರ ಔಷಧ ಹೊಡೆಯೋದು ಬಿಟ್ಟು ಬ್ಯಾರೆ ಕೆಲಸ ಇಲ್ಲ. ಅಂಥ ಮಬ್ಬು ದಿನಕ್ಕಾಗಿ ಒಬ್ಬ ರೈತ ದಾರಿ ಕಾಯ್ತಿದ್ದ ಅಂತ ನಮ್ಮ ವಾಚನಾಲಯದಾಗ ಓದಿದಾಗ ನನಗ ಮೊದಲು ನಂಬಿಕೆ ಬರಲಿಲ್ಲ.

ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ಅದಕ್ಕೆ ಬೆಳಕೇ ಬಂಡವಾಳ. ಮೋಡ ಕವಿದ್ರ ಬೆಳಕು ಕಡಿಮೆ, ನೆರಳು ಇಲ್ಲ. ಹಿಮ ಬಿದ್ದ ನೆಲವೂ ಬಿಳಿ, ಆಕಾಶವೂ ಬಿಳಿ. ಬಿಳಿ ಗೋಡಿ ಮ್ಯಾಲ ಸುಣ್ಣದಲೆ ಬರೆದಂಗ, ಏನೂ ಎದ್ದು ಕಾಣೂದಿಲ್ಲ. 1893ರ ಫೆಬ್ರುವರಿ 22ರಂದು ನ್ಯೂಯಾರ್ಕ್ ಪಟ್ಟಣದಾಗ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಎಂಬವರು ಕೈಯಾಗ ಹಿಡಿಯುವ ಕ್ಯಾಮೆರಾ ತಗೊಂಡು, ಹಿಮಗಾಳಿಯಾಗ ಸುಮಾರು ಮೂರು ತಾಸು ನಿಂತು, ಕುದುರೆ ಗಾಡಿ ಬರುವ ಬೀದಿಯ ಚಿತ್ರ ತೆಗೆದರು. ಅದು ಬಾಳ ಹೆಸರಾಯ್ತು. ಅದಕ್ಕೂ ಎಂಟು ವರ್ಷ ಮೊದಲ ಒಬ್ಬ ಹಳ್ಳಿ ಹುಡುಗ ಮೋಡದ ಬೆಳಕನ್ನ ಪಳಗಿಸಿದ್ದ.

ಅವನ ಹೆಸರು ವಿಲ್ಸನ್ ಬೆಂಟ್ಲಿ. ಹುಟ್ಟಿದ್ದು 1865ರ ಫೆಬ್ರುವರಿ 9ರಂದು, ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಾಗ. ಒಕ್ಕಲುತನದ ಮನಿ. ತಾಯಿ ಮೊದಲು ಶಾಲಿ ಕಲಿಸಿದವಳು. ಹದಿನಾಲ್ಕು ವರ್ಷದ ತನಕ ಮಗನಿಗೆ ಮನ್ಯಾಗೇ ಪಾಠ ಹೇಳಿದಳು. ಆಕಿಯ ಹಳೇ ಸೂಕ್ಷ್ಮದರ್ಶಕದಾಗ ಹುಡುಗ ಹಿಮದ ಹರಳು ನೋಡಿದ. ಆರು ಎಸಳಿನ ಹೂವಿನಂಗ, ರಂಗೋಲಿಯಂಗ. ಚಿತ್ರ ಬರಕೊಳ್ಳಾಕ ಹೋದ್ರ, ಮುಗಿಯೋದರಾಗ ಕರಗಿ ನೀರು. ತಾಯಿಯ ಒತ್ತಾಯಕ್ಕ ಅಪ್ಪ 100 ಡಾಲರ್ ಕೊಟ್ಟು ಕ್ಯಾಮೆರಾ, ಸೂಕ್ಷ್ಮದರ್ಶಕ ಕೊಡಿಸಿದ. ಆದ್ರ ಅಪ್ಪನಿಗೆ ಇದು ಕೆಲಸಕ್ಕ ಬಾರದ ಹುಚ್ಚು ಅಂತನ ಅನಿಸಿತ್ತು. ಎಷ್ಟೋ ಸಲ ಸೋತು, 1885ರ ಜನವರಿ 15ರಂದು ಒಂದು ಹರಳಿನ ಚಿತ್ರ ಸರಿಯಾಗಿ ಬಂತು. ಆಗ ಅವನಿಗೆ ಹತ್ತೊಂಬತ್ತು.

ಅವನ ರೀತಿ ಕೇಳ್ರಿ. ಬೆಂಕಿ ಇಲ್ಲದ ತಣ್ಣನೆ ಕೋಣೆ. ಹೊರಗ ಕರೇ ಹಲಗಿ ಹಿಡಿದು ಬೀಳುವ ಹಿಮ ಹಿಡಿಯೋದು. ಒಂದು ಹರಳು ಆರಿಸಿ ಗಾಜಿನ ಮ್ಯಾಲ ಇಟ್ಟು, ಹಕ್ಕಿ ಪುಕ್ಕದಿಂದ ಮೆಲ್ಲಗೆ ಒತ್ತೋದು. ಉಸಿರು ತಾಕಿದ್ರ ಕರಗತದ, ಅದಕ್ಕ ಉಸಿರು ಬಿಗಿಹಿಡಿದು ಕೆಲಸ. ಹಿಮ ಬೀಳೋದು ಮೋಡ ಇದ್ದಾಗನ. ಕಿಡಕಿಯಿಂದ ಬಂದ ಆ ಮಬ್ಬು ಬೆಳಕೇ ಹರಳಿನ ಹಾದು ಕ್ಯಾಮೆರಾಕ್ಕ ಹೋಗಬೇಕು. ಬೆಳಕು ಕಡಿಮೆ ಅಂತ ಜಾಸ್ತಿ ಹೊತ್ತು ತೆರೆದಿಡುತ್ತಿದ್ದ. ಬಿಳಿಯೊಳಗ ಬಿಳಿ ಕಾಣೂದಿಲ್ಲ ಅಂತ ಹೇಳಿದೆನಲ್ಲ, ಅದಕ್ಕೂ ಉಪಾಯ ಮಾಡಿದ. ನೆಗೆಟಿವ್‌ನ ಇನ್ನೊಂದು ಪ್ರತಿ ಮಾಡಿ, ಹರಳಿನ ಸುತ್ತಲ ಲೇಪ ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ಆಗ ಚಿತ್ರದಾಗ ಹಿಂದಿನದು ಕಪ್ಪಾಗಿ ಹರಳು ಎದ್ದು ಕಾಣ್ತಿತ್ತು.

ಬ್ಯಾಸಗಿಯಾಗ ಹೊಲ, ಹೈನು; ಚಳಿಗಾಲದಾಗ ಈ ಕೆಲಸ. ನೆರೆಯವರು ತಿಕ್ಕಲು ಅಂದ್ರು. ಮಳಿ ಹನಿ ಎಷ್ಟು ದೊಡ್ಡದು ಅಂತ ತಿಳಿಯಾಕ ಹಿಟ್ಟು ಹರವಿ, ಅದರಾಗ ಹನಿ ಬೀಳಿಸಿ, ಆದ ಉಂಡೆ ಅಳೆದ. 5000ಕ್ಕೂ ಮಿಕ್ಕಿ ಹರಳಿನ ಚಿತ್ರ ತೆಗೆದ. 1931ರಲ್ಲಿ 2400ಕ್ಕೂ ಹೆಚ್ಚು ಚಿತ್ರದ ಪುಸ್ತಕ ಬಂತು. ಅದೇ ಡಿಸೆಂಬರಿನಾಗ ಹಿಮಗಾಳಿಯೊಳಗ ನಡಕೊಂಡು ಮನಿಗೆ ಬಂದು, ನ್ಯುಮೋನಿಯಾ ಆಗಿ, 23ರಂದು ತೀರಿಕೊಂಡ.

ಇದನ್ನ ಓದಿ ನನಗ ರಾತ್ರಿ ನಿದ್ದಿ ಬರಲಿಲ್ಲ. ನನ್ನ ಜೋಡಿ ಹಿಮ್ಮೇಳ ಹಾಡ್ತಿದ್ದ ಗೆಳೆಯ ಹೋದ ವರ್ಷ ತೀರಿಕೊಂಡ. ಅವನೊಬ್ಬನಿಗೇ ಬರ್ತಿದ್ದ ಪದಗಳು ಅವನ ಕೂಡೇ ಮಣ್ಣಿಗೆ ಹೋದವು. "ಅಜ್ಜಾ, ಇಬ್ಬರೂ ಹಾಡ್ರಿ, ಮೊಬೈಲಿನಾಗ ಹಿಡೀತೀನಿ" ಅಂತ ಮೊಮ್ಮಗ ಎರಡು ಸಲ ಕೇಳಿದ್ದ. "ದನಿ ಸರಿ ಇಲ್ಲ, ಜಾತ್ರಿ ಬರಲಿ, ಪೂರಾ ಮ್ಯಾಳ ಕೂಡಲಿ" ಅಂತ ನಾನೇ ಮುಂದ ಹಾಕಿದೆ. ಜಾತ್ರಿ ಬಂತು, ಅವ ಇರಲಿಲ್ಲ. ನಾನು ಬಿಸಿಲಿನ ದಾರಿ ಕಾಯ್ತಾ ಕುಂತಿದ್ದೆ. ಆ ರೈತ ಇದ್ದ ಮಬ್ಬು ಬೆಳಕಿನಾಗನ ಹಿಡಕೊಂಡ.

ಈ ಚಳಿಗಾಲ ಕೆಮ್ಮಿನ ದನಿಯಾಗನ ಹನ್ನೊಂದು ಪದ ಹಾಡಿ ಮೊಮ್ಮಗನ ಮೊಬೈಲಿಗೆ ಕೊಟ್ಟೀನಿ. ನಡುವ ಎಮ್ಮಿ ಒದರಿದ್ದೂ ಅದರಾಗ ಅದ, ಇರಲಿ. ನಮ್ಮ ಮಕ್ಕಳು ಮರಾಠಿ, ಇಂಗ್ಲಿಷ್ ಶಾಲಿಗೆ ಹೊಂಟಾರ. ಕನ್ನಡದ ಪದ ಕೇಳಿ ಕಲಿಯೋ ಮನಿ ಕಡಿಮೆ ಆಗ್ಯಾವ. ನಿಮ್ಮ ಓಣಿಯಾಗ ಬೀಸೋ ಪದ ಬಲ್ಲ ಅಜ್ಜಿ ಇದ್ರ, ಇವತ್ತ ಸಂಜಿಗೇ ಹೋಗಿ ಕೂಡ್ರಿ. ಮಾಸ್ತರರು ಮಕ್ಕಳನ್ನೂ ಕರಕೊಂಡು ಹೋಗ್ರಿ.