ಎಷ್ಟು ದೂರ, ಎಷ್ಟು ಹೊತ್ತು

ಮಾದಾಪುರದ ಬಾಡಿಗೆ ಮನೆಯಲ್ಲಿ ಕೂತು ಅನುವಾದ ಮಾಡುವವಳು ನಾನು. ಹೋದ ತಿಂಗಳು ಪ್ರಯಾಣದ ಆ್ಯಪ್ ಒಂದರ ಸಾಲುಗಳನ್ನು ಕನ್ನಡಕ್ಕೆ ತರುತ್ತಿದ್ದಾಗ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಎಂಬ ಮಾದರಿ ಪುಟ ಬಂತು. ಮೊದಲ ಖಾನೆ ದೂರ, ಎರಡನೆಯದು ಅವಧಿ.

ನಮ್ಮ ಮನೆಯಲ್ಲಿ ಮೊದಲ ಖಾನೆಯನ್ನು ಯಾರೂ ಕೇಳಿದವರಲ್ಲ. 2018ರಲ್ಲಿ ಬಳ್ಳಾರಿಯಲ್ಲಿ ಅಪ್ಪ ತೀರಿಕೊಂಡಾಗ ಅಕ್ಕ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಳು. ದೊಡ್ಡಪ್ಪ ಕೇಳಿದ್ದು, "ಎಷ್ಟೊತ್ತು ಕಾಯಬೇಕಮ್ಮ?" ಎಂದಷ್ಟೇ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ, ಬೆಂಗಳೂರಿನಿಂದ ಕಾರು ಹಿಡಿದು ಅವಳು ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಒಂದು ದಿನದ ದಾರಿ, ಒಂದು ಹೊತ್ತಿನ ದಾರಿ ಎಂದು ದೂರವನ್ನೇ ಹೊತ್ತಿನಲ್ಲಿ ಹೇಳುವ ಭಾಷೆ ನಮ್ಮದು. ವಿಮಾನದ ಹೊತ್ತಿಗೂ ಒಂದು ಚರಿತ್ರೆಯಿದೆ, ಅದರ ಮೊದಲ ಪುಟದಲ್ಲೇ ಬಳ್ಳಾರಿ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಅಹಮದಾಬಾದಿನ ಮೇಲೆ ಮುಂಬಯಿಯ ಜುಹುವಿಗೆ ಬಂದಿಳಿದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ! ಜುಹುವಿನಿಂದ ಬಳ್ಳಾರಿಯ ಮೇಲೆ ಮದ್ರಾಸಿಗೆ ಅಂಚೆ ಒಯ್ದವರು ನೆವಿಲ್ ವಿನ್ಸೆಂಟ್. ಜುಹುವಿನಿಂದ ಬಳ್ಳಾರಿಗೆ ನೇರ ಲೆಕ್ಕದಲ್ಲೇ 600 ಕಿ.ಮೀ. ದಾಟುತ್ತದೆ. ಒಂದೇ ಎಂಜಿನ್ನಿನ ಪುಟ್ಟ ವಿಮಾನ ಮಧ್ಯಾಹ್ನ ಹೊರಟರೆ ಕತ್ತಲಾಗುವುದರೊಳಗೆ ಮದ್ರಾಸ್ ಮುಟ್ಟುವಂತಿರಲಿಲ್ಲ. ಆಗಿನ ಹಾರಾಟವೆಂದರೆ ನಿಲ್ದಾಣದಿಂದ ನಿಲ್ದಾಣಕ್ಕೆ. 1948ರಲ್ಲಿ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಲಂಡನ್ನಿಗೆ ಹೋದದ್ದೂ ಕೈರೋ, ಜಿನೀವಾಗಳಲ್ಲಿ ನಿಂತು.

ನಮ್ಮ ದಾರಿಯ ನಿಲುಗಡೆ ಹೋದದ್ದು 2021ರಲ್ಲಿ. ಜನವರಿ 9ರ ರಾತ್ರಿ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಎತ್ತಿ, ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಸಿದರು. ನಡುವೆ ಎಲ್ಲೂ ನಿಲ್ಲದೆ, ಹದಿನೇಳು ಗಂಟೆ ಚಿಲ್ಲರೆ.

ಧ್ರುವದ ಮೇಲಿನದೇ ಹತ್ತಿರದ ದಾರಿ ಎಂದು ನಾನೂ ನಂಬಿದ್ದೆ. ಲೆಕ್ಕ ಹಾಕಿದರೆ ಹಾಗಲ್ಲ. ಭೂಗೋಳದ ಮೇಲೆ ಎರಡೂ ಊರಿಗೆ ದಾರ ಎಳೆದು ಹಿಡಿಯಿರಿ: ಅದು ಸುಮಾರು 13,990 ಕಿ.ಮೀ., ಹಾಯುವುದು ಸೈಬೀರಿಯದ ಪೂರ್ವ ಭಾಗದ ಮೇಲೆ, ಏರುವುದು 71 ಡಿಗ್ರಿ ಉತ್ತರದವರೆಗೆ ಮಾತ್ರ. ಧ್ರುವವನ್ನೇ ಮುಟ್ಟಿ ಬಂದರೆ ಸುಮಾರು 370 ಕಿ.ಮೀ. ಹೆಚ್ಚು. ಆದರೂ ಆ ಸುತ್ತು ಲಾಭವೇ, ಯಾಕೆಂದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿಯಿದೆ. ಅದಕ್ಕೆ ಎದೆಕೊಟ್ಟು ಬಂದರೆ ಇಂಧನವೂ ಹೊತ್ತೂ ಸುಡುತ್ತವೆ. ಅಮೆರಿಕಕ್ಕೆ ಹೋಗುವಾಗ ಅದೇ ಗಾಳಿ ಬೆನ್ನಿಗಿರುತ್ತದೆ. ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನೇರ ವಿಮಾನದಲ್ಲಿ ಮಧ್ಯಾಹ್ನ ಹೊರಟವರು ಅಲ್ಲಿ ಅದೇ ದಿನದ ಸಂಜೆ ಇಳಿಯುತ್ತಿದ್ದರು.

ನೇರ ವಿಮಾನದ ಸುದ್ದಿ ಬಂದ ದಿನ ಅಕ್ಕನಿಗೆ ಫೋನ್ ಮಾಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ವರ್ಷ ತಡ" ಎಂದಳು.

ಆ್ಯಪ್‌ನವರಿಗೆ ಅವಧಿಯ ಖಾನೆ ಮೊದಲು ಬರಲಿ ಎಂದು ಬರೆದಿದ್ದೇನೆ. ಉತ್ತರ ಬಂದಿಲ್ಲ.